ಎದುರು ಕೂತ ನಳಿಕೆ

ಸೆಂಟ್ರಿಫ್ಯೂಜಿಗೆ ಒಂದೇ ಹಟ:
ಒಬ್ಬರನ್ನು ಕೂರಿಸಿದರೆ ಎದುರಿಗೆ
ಅಷ್ಟೇ ತೂಕದ ಇನ್ನೊಬ್ಬರು ಬೇಕು.
ಇಲ್ಲವಾದರೆ ಮೇಜೆಲ್ಲ ನಡುಗಿಸಿ
ಹಳೇ ಬಸ್ಸಿನ ಹಾಗೆ ಗೊರಗೊರ ಅಂದು ನಿಂತುಬಿಡುತ್ತದೆ.

ಹಾಗಾಗಿ ಸೊಹಾರಿನಲ್ಲಿ, ರಂಜಾನಿನ ಹನ್ನೊಂದನೆಯ ಸಂಜೆ,
ನಖೋದಾ ಹುಮೈದರ ಎದುರು ಲಾಡ್ಲೇಸಾಬ ಕೂತ.
ಹಳದಿ ಮುಚ್ಚಳ, ಹಳದಿ ಮುಚ್ಚಳ.
ನಿಮಿಷಕ್ಕೆ ಮೂರು ಸಾವಿರ ಸುತ್ತು.

ಡಾಕ್ಟರ್ ಥುರಯ್ಯಾ ಒಂದು ಲೆಕ್ಕ ಹಿಡಿದಿದ್ದರು:
ಲಕ್ವ ಹೊಡೆದು ಬಂದವರ ನೆತ್ತರಿನಲ್ಲಿ ಜಿಡ್ಡು
ಸಕ್ಕರೆ ಕಾಯಿಲೆ ಇದ್ದವರಿಗೆ ಎಷ್ಟು, ಇಲ್ಲದವರಿಗೆ ಎಷ್ಟು.
ನನ್ನ ಕೆಲಸ ಎರಡು ಖಾನೆ ತುಂಬುವುದು.
ಇದೆ. ಇಲ್ಲ.

ನಖೋದಾ 'ಇದೆ'. ಇಪ್ಪತ್ತೆಂಟು ವರ್ಷದಿಂದ ಇದೆ.
ಎಡಗೈಯನ್ನು ಯಾರದೋ ಸಾಮಾನಿನ ಹಾಗೆ
ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.
ಕಾಯಿಲೆಯವರಿಗೆ ವಿನಾಯಿತಿ ಇದೆ, ಉಪವಾಸ ಬಿಡಿ ಎಂದರೆ ಕೇಳಲಿಲ್ಲ.
"ಹನ್ನೆರಡು ಗಂಟೆ ಆಯಿತೇ ಉಂಡು?" ಎಂದೆ.
ಅರ್ಧ ಬಾಯಲ್ಲಿ ನಕ್ಕು ಕಿಟಕಿ ತೋರಿಸಿದರು.
ಸೂರ್ಯ ಇನ್ನೂ ಅಲ್ಲೇ ಇದ್ದ.

ಲಾಡ್ಲೇಸಾಬ 'ಇಲ್ಲ'.
ಆಳಂದದ ಕಡೆಯವನು, ನಲವತ್ತನಾಲ್ಕು.
ಬಂದರಿನ ಕ್ರೇನಿನ ಗೂಡಿನೊಳಗೆ
ಅವನ ಬಲಗೈ ಹಿಡಿಕೆಯನ್ನು ಮರೆತಿತು.
ಕೆಳಗೆ ಹಡಗು, ಮೇಲೆ ಇವನು,
ನಡುವೆ ಒಂದು ನೀಲಿ ಕಂಟೇನರು ಮುಕ್ಕಾಲು ಗಂಟೆ ಗಾಳಿಯಲ್ಲಿ,
ಇಳಿಯಲೂ ಇಲ್ಲ, ಏರಲೂ ಇಲ್ಲ.
ಈಗ ಅವನ ನಾಲಿಗೆಯ ಮೇಲೆ ಮಾತುಗಳು ಹಾಗೆ.

ಇಲ್ಲಿಗೆ ಬಂದವರಿಗೆ ಗುಣಿಸುವ ಚಾಳಿ.
ಒಂದು ಕಟ್ಟು ಕೊತ್ತಂಬರಿಗೂ ರೂಪಾಯಿ ಎಷ್ಟಾಯಿತು ಅಂತ.
ನಾನು ಜಿಡ್ಡನ್ನೂ ಗುಣಿಸುತ್ತೇನೆ.
ಯಂತ್ರ ಹೇಳುವುದು ಮಿಲಿಮೋಲು,
ಶಿರ್ವದಲ್ಲಿ ಕಲಿತ ತಲೆಗೆ ಮಿಲಿಗ್ರಾಮೇ ಬೇಕು.
ಟ್ರೈಗ್ಲಿಸರೈಡಿಗೆ ಎಂಬತ್ತೆಂಟೂವರೆ.
ಕೊಲೆಸ್ಟ್ರಾಲಿಗೆ ಮೂವತ್ತೆಂಟು ಮುಕ್ಕಾಲು, ಚೂರು ಕಮ್ಮಿ.

ಮುಚ್ಚಳ ತೆರೆದೆ.
ನಖೋದಾ ತಿಳಿಯಾಗಿದ್ದರು. ಕೆಟ್ಟ ಕೊಲೆಸ್ಟ್ರಾಲು ಅರವತ್ತಾರು.
ರಾತ್ರಿ ರಾತ್ರಿ ಮಗಳು ಎಣಿಸಿ ಕೊಡುವ ಮಾತ್ರೆ.
ಲಾಡ್ಲೇಸಾಬ ಬೆಳ್ಳಗೆ,
ಕ್ಯಾಂಪಿನ ಚಹಾಕ್ಕೆ ಸುರಿಯುವ ಡಬ್ಬಿ ಹಾಲಿನ ಹಾಗೆ.
ಟ್ರೈಗ್ಲಿಸರೈಡು ಏಳುನೂರಕ್ಕೆ ಒಂದು ಕಮ್ಮಿ.

ಬೆಳ್ಳಗಿದ್ದರೆ ಅಪಾಯ, ತಿಳಿಯಾಗಿದ್ದರೆ ಕ್ಷೇಮ
ಅಂದುಕೊಳ್ಳುವ ಹಾಗೂ ಇಲ್ಲ.
ಹೋದ ವಾರ ಸಲೂನಿನ ಲಿಗಾಯಾ ಬಂದಿದ್ದಳು,
ಸಕ್ಕರೆ ನಿಜವಾಗಿ ಇಲ್ಲ, ಎಳನೀರಿನಷ್ಟು ತಿಳಿ.
ಕೆಟ್ಟದ್ದು ಇನ್ನೂರ ನಲವತ್ತೇಳು,
ಕಣ್ಣಿಗೆ ಕಾಣದ ಹಾಗೆ ಕರಗಿ ಕೂತಿತ್ತು.

ಬಿಳಿ ನಳಿಕೆ ಹಿಡಿದೇ ವಾರ್ಡಿಗೆ ಹೋದೆ.
ಸಿಸ್ಟರ್ ಶೈನಿ ಹಿಂದಿಯಲ್ಲಿ ಕೇಳಿದ್ದಳಂತೆ, ಶುಗರ್ ಹೈ ಕ್ಯಾ,
ಅವನು ತಲೆ ಅಲ್ಲಾಡಿಸಿದ್ದ.
ನಾನು ಕನ್ನಡದಲ್ಲಿ ಕೇಳಿದೆ.
ಬಹಳ ಹೊತ್ತಾಯಿತು.
"ಸಕ್ರಿ... ನಾಕ ಚಮಚಾ...
ಕಮ್ಮಿ ಹಾಕಂದ್ರ... ಮೆಸ್ಸಿನಾಂವ... ಕೇಳಂಗಿಲ್ಲ."

ಹನ್ನೊಂದು ವರ್ಷ. ಎರಡು ವರ್ಷಕ್ಕೊಮ್ಮೆ
ವೀಸಾಕ್ಕೆಂದು ತೋಳು ಚಾಚಿ ನೆತ್ತರು ಕೊಟ್ಟಿದ್ದಾನೆ.
ಅಲ್ಲಿ ನೋಡುವುದು
ಇವನಿಂದ ಇನ್ನೊಬ್ಬರಿಗೆ ಅಂಟುವುದನ್ನು.

ನೇರಳೆ ಮುಚ್ಚಳದ ನಳಿಕೆ ಓಡಿಸಿದೆ. ಮೂರು ತಿಂಗಳ ಸಕ್ಕರೆ
ಶೇಕಡಾ ಹತ್ತು ದಾಟಿತ್ತು.
ಡಾಕ್ಟರ್ ಅವನನ್ನು ಆ ಖಾನೆಯಿಂದ ಈ ಖಾನೆಗೆ ದಾಟಿಸಿದರು.
ನಲವತ್ತೊಂದು ನಲವತ್ತಾಯಿತು. ಸರಾಸರಿ ಕೊಂಚ ಇಳಿಯಿತು.
ಆಮೇಲೆ ಪೆನ್ನು ಇಟ್ಟು
ಉಳಿದ ನಲವತ್ತು ಹೆಸರುಗಳನ್ನು ನೋಡುತ್ತ ಕೂತರು.
"ಇವರನ್ನು ಕೇಳಿದವರು ಯಾರು? ಯಾವ ಭಾಷೆಯಲ್ಲಿ?"

ನೇರಳೆ ನಳಿಕೆಗಳನ್ನು ಹುಡುಕಿದೆ.
ಫ್ರಿಜ್ಜಿನಲ್ಲಿ ಹನ್ನೆರಡು ಸಿಕ್ಕವು.
ಉಳಿದವು ಆಗಲೇ ಕಸದ ಒಲೆಗೆ ಹೋಗಿದ್ದವು.
ಮಗ್ರಿಬಿನ ಬಾಂಗು ಕೇಳಿತು,
ಯಾರೋ ನನ್ನ ಮೇಜಿನ ಮೇಲೆ ಮೂರು ಖರ್ಜೂರ ಇಟ್ಟುಹೋಗಿದ್ದರು.
ನನ್ನ ನೆತ್ತರನ್ನು ನಾನು ಇನ್ನೂ ನೋಡಿಲ್ಲ.

ನಖೋದಾ ಮರುದಿನ ಮನೆಗೆ ಹೋದರು,
ಮಗಳ ಹೆಗಲು ಹಿಡಿದು, ಎಡಗಾಲು ಎಳೆಯುತ್ತ.
ಬೆಳಿಗ್ಗೆ ಬಂದದ್ದು ಲಾಡ್ಲೇಸಾಬನ ನಳಿಕೆಯೊಂದೇ.
ಎದುರಿಗೆ, ಅಷ್ಟೇ ತೂಕಕ್ಕೆ,
ನಲ್ಲಿಯಿಂದ ನೀರು ತುಂಬಿಸಿ ಇಟ್ಟೆ.